ಖಾಲಿ ಹೊಟ್ಟೆ 112, ಮೂರು ತಿಂಗಳ ಟೆಸ್ಟ್ 8.2. ಇದು ಹೇಗ್ರೀ?

ನವನಗರದವ (ಬಾಗಲಕೋಟೆ), ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಯಸ್ಸು 53. ಶುಗರ್ ಬಂದು ನಾಲ್ಕು ವರ್ಷ. ಮೆಟ್‌ಫಾರ್ಮಿನ್ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಮನೆಯಲ್ಲಿ ಶುಗರ್ ನೋಡುವ ಮಷಿನ್ ಇದೆ. ವಾರಕ್ಕೆ ಎರಡು ಸಲ, ಬೆಳಿಗ್ಗೆ ಎದ್ದ ಕೂಡಲೇ ಚುಚ್ಚಿ ನೋಡುತ್ತೇನೆ. 108, 112, 118, ಹೀಗೇ ಬರುತ್ತದೆ. ಕ್ಯಾಲೆಂಡರ್ ಮೇಲೆ ಬರೆದಿಡುತ್ತೇನೆ. ಮನೆಗೆ ಬಂದ ಬೀಗರಿಗೂ ತೋರಿಸಿದ್ದುಂಟು.

ಹೋದ ವಾರ ಡಾಕ್ಟರು ಎಚ್‌ಬಿಎ1ಸಿ, ಅದೇ ಮೂರು ತಿಂಗಳ ಟೆಸ್ಟ್, ಮಾಡಿಸಿ ಅಂದರು. 8.2 ಬಂತು. ನಾನು ಕ್ಯಾಲೆಂಡರಿನ ಫೋಟೋ ತೋರಿಸಿದೆ. ಅವರು ನಕ್ಕು, "ಇನ್ನೊಂದು ಮಾತ್ರೆ ಸೇರಿಸುವ ಮೊದಲು ಒಂದು ತಿಂಗಳು ನೋಡೋಣ, ಊಟ ನೋಡಿಕೊಳ್ಳಿ" ಅಂದರು. ಹೊರಗೆ ಮೂವತ್ತು ಜನ ಕೂತಿದ್ದರು. ಜಾಸ್ತಿ ಕೇಳೋಕಾಗಲಿಲ್ಲ.

ಸಿಹಿ ಪೂರ್ತಿ ಬಿಟ್ಟಿದ್ದೇನೆ. ಅನ್ನ ಬಿಟ್ಟಿದ್ದೇನೆ. ಬರೀ ಜೋಳದ ರೊಟ್ಟಿ. ಹಾಗಾದರೆ ಲ್ಯಾಬ್ ತಪ್ಪೋ, ನನ್ನ ಮಷಿನ್ ತಪ್ಪೋ?

ಕಬ್ಬಿನ ಗದ್ದೆ (ಮುಧೋಳ)

ಎರಡೂ ಸರಿ ಇರಬಹುದು ರೀ. ನನಗೂ ಹಿಂಗೇ ಆಗಿತ್ತು. ಲ್ಯಾಬ್ ಅಕ್ಕ ಬರಲಿ, ಅವರು ಬಿಡಿಸಿ ಹೇಳುತ್ತಾರೆ.

ಲ್ಯಾಬ್ ಅಕ್ಕ (ಬೆಳಗಾವಿ)

ಬಂದೆ. ಹದಿನೆಂಟು ವರ್ಷದಿಂದ ಇದೇ ಕೆಲಸ, ನಿಮ್ಮ ಪ್ರಶ್ನೆಯನ್ನು ವಾರಕ್ಕೊಬ್ಬರು ಕೇಳುತ್ತಾರೆ.

ಅಣ್ಣಾ, ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದಲ್ಲಿರುವ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟುತ್ತಾ ಹೋಗುತ್ತದೆ. ಎಷ್ಟು ಪಾಲಿಗೆ ಅಂಟಿದೆ ಅಂತ ಎಣಿಸುವುದೇ ಎಚ್‌ಬಿಎ1ಸಿ. ಅಂದರೆ ಎರಡು-ಮೂರು ತಿಂಗಳ ಹಗಲು-ರಾತ್ರಿಯ ಸರಾಸರಿ ಅದರಲ್ಲಿದೆ. 7 ಅಂದರೆ ಸರಾಸರಿ 154. 8 ಅಂದರೆ 183. ನಿಮ್ಮ 8.2ಕ್ಕೆ 190ರ ಆಸುಪಾಸು.

ನೀವು ನೋಡುತ್ತಿರುವುದು ಬೆಳಿಗ್ಗೆ ಆರು ಗಂಟೆಯ ಸಕ್ಕರೆ. ನಿಮ್ಮ ಕಡೆಯ ಮಾತಲ್ಲೇ ಹೇಳುತ್ತೇನೆ. ಆಲಮಟ್ಟಿ ಹಿನ್ನೀರನ್ನು ಮೇ ತಿಂಗಳಲ್ಲಿ ಮಾತ್ರ ಹೋಗಿ ನೋಡಿ, "ನೀರು ಎಲ್ಲೋ ದೂರದಲ್ಲಿದೆ, ಹೊಲ ಹೇಗೆ ಮುಳುಗಿತು?" ಅಂತ ಕೇಳಿದ ಹಾಗಾಯಿತು ಇದು.

ಒಂದು ಪ್ರಶ್ನೆ. ನಿಮ್ಮ ಹಿಮೋಗ್ಲೋಬಿನ್ ಎಷ್ಟು? ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆ ಆಗಿದ್ದರೆ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು. ಇತ್ತೀಚೆಗೆ ರಕ್ತಸ್ರಾವ ಆಗಿದ್ದರೆ ಅಥವಾ ರಕ್ತ ಹಾಕಿಸಿಕೊಂಡಿದ್ದರೆ ಲೆಕ್ಕವೇ ಬೇರೆ.

ನವನಗರದವ

ಹಿಮೋಗ್ಲೋಬಿನ್ 14.1 ಇದೆ ಅಕ್ಕಾ. ಹಿನ್ನೀರಿನ ಮಾತು ನೇರ ಎದೆಗೆ ಬಿತ್ತು. ನಮ್ಮ ಹೊಲ ಹೋಗಿದ್ದೂ ಅದರಲ್ಲೇ.

ಟೆನ್ಷನ್ ಬ್ಯಾಡ್ರಿ (ಇಳಕಲ್ಲ)

ಸುಮ್ನೆ ಚುಚ್ಚಿಕೊಂಡು ಚುಚ್ಚಿಕೊಂಡು ಟೆನ್ಷನ್ ಮಾಡಿಕೊಳ್ಳುತ್ತೀರಿ. ನಮ್ಮಜ್ಜ 88 ವರ್ಷ ಬದುಕಿದ. ಊಟಕ್ಕೆ ಐದು ರೊಟ್ಟಿ, ಹಬ್ಬಕ್ಕೆ ಆರು ಹೋಳಿಗೆ, ಮೇಲೆ ತುಪ್ಪ. ಯಾವ ಮಷಿನ್ನೂ ಇರಲಿಲ್ಲ. ಟೆನ್ಷನ್ನಿಗೇ ಶುಗರ್ ಏರುತ್ತದೆ.

ಗುಮ್ಮಟದ ವಾಕರ್ (ವಿಜಯಪುರ)

ನಿಮ್ಮಜ್ಜ ದಿನಕ್ಕೆ ಎಷ್ಟು ಹರದಾರಿ ನಡೆಯುತ್ತಿದ್ದರು ತಮ್ಮಾ? ಅದನ್ನೂ ಬರೆಯಿರಿ.

ನವನಗರದವ

ಇದಕ್ಕೆ ನಾನೇ ಉತ್ತರ ಹೇಳುತ್ತೇನೆ. ನಮ್ಮಪ್ಪನೂ ಐದು ರೊಟ್ಟಿ ಉಣ್ಣುತ್ತಿದ್ದ. ಬೆಳಿಗ್ಗೆ ಐದಕ್ಕೆ ಹೊಲಕ್ಕೆ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ನೇಗಿಲು, ಕಳೆ, ಎತ್ತು, ಎಲ್ಲ ಅವನೇ. ಊರು ಮುಳುಗಿತು, ಪರಿಹಾರ ಬಂತು, ನವನಗರದಲ್ಲಿ ಸೈಟ್ ಬಂತು. ನಾನು ಸೊಸಾಯಿಟಿಯಲ್ಲಿ ಗುಮಾಸ್ತ. ಬೈಕ್ ಮೇಲೆ ಹೋಗುತ್ತೇನೆ, ಫ್ಯಾನ್ ಕೆಳಗೆ ಕೂರುತ್ತೇನೆ, ಬೈಕ್ ಮೇಲೆ ಬರುತ್ತೇನೆ. ಹೊಲ ಹೋಯಿತು, ಗಂಗಾಳ ಮಾತ್ರ ಅಪ್ಪನದೇ ಉಳಿದಿದೆ.

ರೊಟ್ಟಿಬುಟ್ಟಿ (ಜಮಖಂಡಿ)

ಆ ಗಂಗಾಳದಲ್ಲಿ ಎಷ್ಟು ರೊಟ್ಟಿ ಬೀಳುತ್ತವೆ ಅಂತ ಯಾರೂ ಕೇಳಲಿಲ್ಲವಲ್ಲ! ರೊಟ್ಟಿ ಬಡಿಯುವವರನ್ನು ಕೇಳಿ, ನಾವು ಹೇಳುತ್ತೇವೆ.

ನಮ್ಮ ಮನೆಯವರಿಗೆ ಶುಗರ್ ಬಂದಾಗ ನಾನೂ "ಜೋಳ ಅಲ್ವಾ, ಎಷ್ಟು ತಿಂದರೂ ನಡೆಯುತ್ತೆ" ಅಂದುಕೊಂಡಿದ್ದೆ. ಒಂದು ದಿನ ಮಗಳು ತಕ್ಕಡಿ ತಂದು ಹಿಟ್ಟಿನ ಉಂಡೆ ಕಟ್ಟುವ ಮೊದಲು ತೂಗಿದಳು. ನನ್ನ ಒಂದು ರೊಟ್ಟಿಗೆ 60 ಗ್ರಾಂ ಒಣ ಹಿಟ್ಟು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಪಿಷ್ಟವೇ ಇರುತ್ತದಂತೆ, ಗೋಧಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಒಂದು ರೊಟ್ಟಿಗೆ 40 ಗ್ರಾಂ. ನಾಲ್ಕಕ್ಕೆ 160. ಜೋಳದಲ್ಲಿ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಒಳ್ಳೆಯದು. ಆದರೆ ನಾಲ್ಕು ಅಂದರೆ ನಾಲ್ಕೇ.

ಈಗ ನಾನು ಎರಡು ರೊಟ್ಟಿ ಹಾಕಿ ಪಕ್ಕದಲ್ಲಿ ಪಲ್ಯ ಜಾಸ್ತಿ ಮಾಡುತ್ತೇನೆ. ಹೆಸರುಕಾಳು ಅಥವಾ ಮಡಕೆಕಾಳು, ಒಂದು ಸೊಪ್ಪು, ಹಸಿ ಮೆಂತ್ಯೆ, ಸವತೆಕಾಯಿ, ಮಜ್ಜಿಗೆ. ಗುರೆಳ್ಳು ಹಿಂಡಿ ಅಥವಾ ಅಗಸೆ ಹಿಂಡಿ ಇದ್ದೇ ಇರುತ್ತದೆ. ಮೊದಲ ವಾರ ನಮ್ಮವರು ಸಿಟ್ಟು ಮಾಡಿಕೊಂಡು ಮೂರನೆಯ ರೊಟ್ಟಿಗೆ ಬುಟ್ಟಿ ಹುಡುಕಿದರು. ನಾನು ಬುಟ್ಟಿ ಎತ್ತಿ ಮೇಲಿಟ್ಟಿದ್ದೆ.

ಗುಮ್ಮಟದ ವಾಕರ್

ಬುಟ್ಟಿ ಎತ್ತಿಟ್ಟ ತಂಗಿಗೆ ನಮಸ್ಕಾರ.

ನವನಗರದವರೇ, ನಾನು ನಿವೃತ್ತ ಮಾಸ್ತರ. 22 ವರ್ಷದ ಶುಗರ್, ಈಗ ಇನ್ಸುಲಿನ್ ಮೇಲಿದ್ದೇನೆ. ನಿಮ್ಮ ಹಾಗೇ ಬಹಳ ವರ್ಷ ಬೆಳಗಿನ ಒಂದು ನಂಬರ್ ನೋಡಿ ಮೀಸೆ ತಿರುವಿದವನು. ಒಂದು ಕೆಲಸ ಮಾಡಿ. ಒಂದು ವಾರ, ದಿನಕ್ಕೆ ಎರಡೇ ಸ್ಟ್ರಿಪ್ (ಮಷಿನ್ನಿಗೆ ಹಾಕುವ ಪಟ್ಟಿ). ಒಂದು ಊಟಕ್ಕೆ ಕೂರುವ ಮುಂಚೆ. ಇನ್ನೊಂದು ಅದೇ ಊಟದ ಎರಡು ಗಂಟೆಯ ಮೇಲೆ. ಆ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದಾಗಿನಿಂದ ಅಲ್ಲ. ಇವತ್ತು ನಾಷ್ಟಾ, ನಾಳೆ ಮಧ್ಯಾಹ್ನದ ಊಟ, ನಾಡಿದ್ದು ಸಂಜೆ ತಿಂಡಿ, ಹೀಗೆ ತಿರುಗಿಸಿ. ಪಕ್ಕದಲ್ಲಿ ತಿಂದದ್ದನ್ನು ಸುಳ್ಳು ಹೇಳದೆ ಬರೆಯಿರಿ.

ಸಾಮಾನ್ಯವಾಗಿ ಡಾಕ್ಟರು ಇಟ್ಟುಕೊಳ್ಳುವ ಗುರಿ ಖಾಲಿ ಹೊಟ್ಟೆಗೆ 80ರಿಂದ 130, ಊಟದ ನಂತರ 180ರ ಒಳಗೆ. ವಯಸ್ಸು, ಬೇರೆ ಕಾಯಿಲೆ ನೋಡಿ ಇದು ಬದಲಾಗುತ್ತದೆ, ನಿಮ್ಮದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ನೋಡಬೇಕಾದ್ದು ಎರಡು ನಂಬರಿನ ನಡುವಿನ ಏರಿಕೆ. 40-50 ಏರಿದರೆ ಆ ಊಟ ನಿಮಗೆ ಒಗ್ಗಿತು. 100 ಏರಿದರೆ ಆ ಗಂಗಾಳದಲ್ಲಿ ಏನೋ ಇದೆ.

14 ಸ್ಟ್ರಿಪ್ ಬೇಕು. ನಾನು ಕೊಳ್ಳುವುದು ಒಂದಕ್ಕೆ ಇಪ್ಪತ್ತು ರೂಪಾಯಿ ಹತ್ತಿರ ಬೀಳುತ್ತದೆ. ವರ್ಷವಿಡೀ ಬೆಳಿಗ್ಗೆ ಒಂದೇ ಹೊತ್ತಿಗೆ ನೂರು ಸ್ಟ್ರಿಪ್ ಸುಡುವ ಬದಲು ಈ 14 ಹೆಚ್ಚು ಹೇಳುತ್ತವೆ.

ಟೆನ್ಷನ್ ಬ್ಯಾಡ್ರಿ

ಮಷಿನ್ ನಂಬೋದು ಹೇಗೆ ಸರ್? ನಮ್ಮ ಮಾವನವರು ಐದು ನಿಮಿಷದಲ್ಲಿ ಮೂರು ಸಲ ನೋಡಿದರು. 171, 188, 163. ಯಾವುದು ಖರೆ?

ಲ್ಯಾಬ್ ಅಕ್ಕ

ಮೂರೂ ಖರೆ. ಮನೆಯ ಮಷಿನ್ನಿಗೆ ಇರುವ ಅಂತರರಾಷ್ಟ್ರೀಯ ಅಳತೆಯೇ ಹಾಗಿದೆ. 100ರ ಮೇಲಿನ ರೀಡಿಂಗ್‌ಗಳಲ್ಲಿ ನೂರಕ್ಕೆ 95 ಸಲ ಲ್ಯಾಬಿನ ಲೆಕ್ಕಕ್ಕಿಂತ ಶೇ 15 ಆಚೀಚೆ ಒಳಗೆ ಬಂದರೆ ಪಾಸ್. ನಿಜವಾಗಿ 180 ಇದ್ದರೆ 153 ಬರಬಹುದು, 207 ಬರಬಹುದು. ಅದಕ್ಕೇ 171 ಮತ್ತು 163ಕ್ಕೆ ತಲೆ ಕೆಡಿಸಿಕೊಳ್ಳಬಾರದು. 120 ಮತ್ತು 240ಕ್ಕೆ ಕೆಡಿಸಿಕೊಳ್ಳಬೇಕು.

ಜನ ಮಾಡುವ ತಪ್ಪು ಬೇರೆಯೇ ಇರುತ್ತವೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡುವುದು, ತೇವ ಹೊಕ್ಕರೆ ಸ್ಟ್ರಿಪ್ ಕೆಟ್ಟಿತು. ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲಿಡುವುದು. ತಾರೀಖು ಮುಗಿದದ್ದನ್ನು ಬಳಸುವುದು. ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆಯುವುದು. ಕೈಯನ್ನು ಸೋಪು ಹಚ್ಚಿ ತೊಳೆದು, ಪೂರ್ತಿ ಒರೆಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ನಡುವೆ ಚುಚ್ಚಿದರೆ ಜಾಸ್ತಿ ನೋವು. ಬೆರಳು ಬದಲಿಸುತ್ತಿರಿ.

ಕಬ್ಬಿನ ಗದ್ದೆ

ಕೈ ತೊಳೆಯುವುದಕ್ಕೆ ನಾನೇ ಸಾಕ್ಷಿ. ಆಲೆಮನೆಯಲ್ಲಿ ಬೆಲ್ಲದ ಅಚ್ಚು ತೆಗೆದು, ಕೈ ಬರೀ ಧೋತರಕ್ಕೆ ಒರೆಸಿಕೊಂಡು ನೋಡಿದೆ. 391! ಎದೆ ಧಸಕ್ ಅಂತು. ಮಗ ಗಾಡಿ ತೆಗೆದ. ಹೊರಡುವಾಗ ನಮ್ಮ ಮನೆಯಾಕೆ "ಕೈ ತೊಳೆದು ಇನ್ನೊಮ್ಮೆ ನೋಡ್ರಿ" ಅಂದಳು. 164.

ಸೆನ್ಸರ್ ಹುಡುಗ (ಟಿಳಕವಾಡಿ)

ನಾನು ತೋಳಿಗೆ ಅಂಟಿಸುವ ಸೆನ್ಸರ್ ಒಮ್ಮೆ ಹಾಕಿಸಿಕೊಂಡಿದ್ದೆ. 14 ದಿನ ಇರುತ್ತದೆ, ಮೊಬೈಲಿನಲ್ಲಿ ಗೆರೆ ಕಾಣುತ್ತದೆ. ಐದು ಸಾವಿರ ಹತ್ತಿರ ಖರ್ಚಾಯಿತು. ಪ್ರತಿ ತಿಂಗಳು ನಮ್ಮಂಥವರಿಗೆ ಆಗದ ಮಾತು. ಆದರೆ ಆ 14 ದಿನದಲ್ಲಿ ಒಂದು ಗೊತ್ತಾಯಿತು. ರಾತ್ರಿ ಊಟ ಮಾಡಿ ಮಲಗಿದರೆ ಗೆರೆ ಗುಡ್ಡದ ಹಾಗೆ ಏರುತ್ತಿತ್ತು. ಅದೇ ಊಟ ಮಾಡಿ ವ್ಯಾಕ್ಸಿನ್ ಡಿಪೋ ಕಡೆ 15 ನಿಮಿಷ ನಡೆದು ಬಂದರೆ ದಿಬ್ಬದಷ್ಟೇ.

ಸೆನ್ಸರ್ ನೇರ ರಕ್ತ ನೋಡುವುದಿಲ್ಲ, ಚರ್ಮದ ಕೆಳಗಿನ ನೀರನ್ನು ನೋಡುತ್ತದೆ. ಅದಕ್ಕೇ ಹತ್ತು ನಿಮಿಷದಷ್ಟು ಹಿಂದೆ ಇರುತ್ತದೆ.

ಗುಮ್ಮಟದ ವಾಕರ್

ನಡಿಗೆಯ ಗುಟ್ಟು ಇಷ್ಟೇ. ಕಾಲಿನ ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ನಾನು ಬೆಳಿಗ್ಗೆ ಗೋಳಗುಮ್ಮಟದ ಕಡೆ ಸುತ್ತು ಹಾಕುತ್ತೇನೆ, ಅದು ಗೆಳೆಯರಿಗಾಗಿ. ರಾತ್ರಿ ಊಟದ ಮೇಲೆ ಓಣಿಯಲ್ಲಿ ಸುತ್ತುವುದು ಶುಗರಿಗಾಗಿ.

ಹೆಸರು ಬೇಡ (ಗೋಕಾಕ)

ನಮ್ಮ ಕಡೆ ಒಬ್ಬರು ನಾಟಿ ಪುಡಿ ಕೊಡುತ್ತಾರೆ, ಮೂರು ತಿಂಗಳಲ್ಲಿ ಮಾತ್ರೆ ಬಿಡಿಸುತ್ತಾರಂತೆ. ಯಾರಾದರೂ ತೆಗೆದುಕೊಂಡಿದ್ದೀರಾ? ಇನ್ನೊಂದು, ಕರದಂಟು ಡ್ರೈಫ್ರೂಟ್ ಅಲ್ವಾ, ನಡೆಯುತ್ತಾ?

ಲ್ಯಾಬ್ ಅಕ್ಕ

ಪುಡಿ ಬೇಡ. ಇಂಥ ಕೆಲವು ಪುಡಿಗಳಲ್ಲಿ ಶುಗರ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ಪತ್ತೆಯಾಗಿದೆ. ಎಷ್ಟು ಬೆರೆಸಿದ್ದಾರೆ ಅನ್ನುವುದು ತಿನ್ನುವವರಿಗೆ ಗೊತ್ತಿರುವುದಿಲ್ಲ, ಶುಗರ್ ಪೂರ್ತಿ ಇಳಿದು ಬಿದ್ದವರಿದ್ದಾರೆ. ಮೆಂತ್ಯೆ, ಹಾಗಲಕಾಯಿಯನ್ನು ಪಲ್ಯ ಅಂತ ತಿನ್ನಿ, ಒಳ್ಳೆಯದೇ. ಮಾತ್ರೆ ಬಿಡಬೇಡಿ.

ಕರದಂಟಿನಲ್ಲಿ ಡ್ರೈಫ್ರೂಟನ್ನು ಹಿಡಿದು ನಿಲ್ಲಿಸಿರುವುದು ಯಾವುದು? ಬೆಲ್ಲ.

ಮಲ್ಲಯ್ಯನ ಕಂಬಿ (ಹುನಗುಂದ)

ನನ್ನದು ಸ್ವಲ್ಪ ಬೇರೆ ಪ್ರಶ್ನೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವುದು ನಮ್ಮ ಮನೆತನದ ಹರಕೆ. ಬರಿಗಾಲಲ್ಲೇ. ಹೋದ ವರ್ಷದಿಂದ ಶುಗರ್. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಇವೆ. ಹೋಗಬಹುದಾ?

ಗುಮ್ಮಟದ ವಾಕರ್

ಹೋಗಬಹುದೋ ಬಾರದೋ ಅಂತ ನಾನು ಹೇಳುವವನಲ್ಲ. ಒಂದು ತಿಂಗಳು ಮುಂಚೆ ಡಾಕ್ಟರ ಹತ್ತಿರ ಕೂತು ಮಾತಾಡಿ. ಏಕೆ ಅನ್ನುವುದನ್ನು ಹೇಳುತ್ತೇನೆ.

ಮೆಟ್‌ಫಾರ್ಮಿನ್ ಒಂದೇ ಇದ್ದವರಿಗೆ ಶುಗರ್ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ನೀವು ತಿನ್ನಲಿ ಬಿಡಲಿ, ಅದು ಇನ್ಸುಲಿನ್ ಸುರಿಸುತ್ತದೆ. ದಿನವಿಡೀ ಬಿಸಿಲಲ್ಲಿ ನಡೆದು, ದಾಸೋಹ ಸಿಗುವುದು ತಡವಾದರೆ 70ರ ಕೆಳಗೆ ಹೋಗಬಹುದು. ಬೆವರು, ಕೈ ನಡುಕ, ಎದೆ ಡವಡವ, ತಡೆಯಲಾಗದ ಹಸಿವು ಅದರ ಗುರುತು. ಬಿಸಿಲಿಗೇ ಬೆವರು ಬರುವುದರಿಂದ ಅದು ಗೊತ್ತೇ ಆಗುವುದಿಲ್ಲ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಮೂರು ಚಮಚ ತಿಂದು, ಕೂತು, 15 ನಿಮಿಷ ಬಿಟ್ಟು ನೋಡಿ. ಇನ್ನೂ 70 ದಾಟದಿದ್ದರೆ ಇನ್ನೊಮ್ಮೆ. ಆಮೇಲೆ ಊಟ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಜೊತೆಯವರಿಗೆ ಇದನ್ನು ಮೊದಲೇ ಹೇಳಿಡಿ.

ಒಮ್ಮೆ ನನಗೆ ಬೆಳಗಾವಿ ಬಸ್ಸಿನಲ್ಲಿ 58ಕ್ಕೆ ಇಳಿದಿತ್ತು. ಪಕ್ಕದವರು ಪ್ರೀತಿಯಿಂದ ಕುಂದಾ ಡಬ್ಬಿ ತೆರೆದರು. ಕುಂದಾ ಸಿಹಿಯೇ, ಆದರೆ ಹಾಲಿನ ಜಿಡ್ಡು ಅದರ ಸಕ್ಕರೆಯನ್ನು ನಿಧಾನ ಮಾಡುತ್ತದೆ. ಆ ಹೊತ್ತಿಗೆ ಬೇಕಾದದ್ದು ಬರೀ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ. ಸಕ್ಕರೆ ತಿಂದು ಸುಧಾರಿಸಿಕೊಂಡೆ. ಆಮೇಲೆ ಕುಂದಾನೂ ಒಂದು ಚಮಚ ತಿಂದೆ, ಬೇಸರ ಮಾಡಿಕೊಂಡಾರು ಅಂತ.

ಇನ್ನು ಕಾಲು. ಶುಗರಿನಿಂದ ಪಾದದ ನರ ಮಂದವಾಗಿದ್ದರೆ ಗುಳ್ಳೆ ಎದ್ದದ್ದು, ಮುಳ್ಳು ಹೊಕ್ಕಿದ್ದು ತಿಳಿಯುವುದಿಲ್ಲ. ಕಾದ ಡಾಂಬರು ರಸ್ತೆ ಸುಟ್ಟದ್ದೂ ತಿಳಿಯುವುದಿಲ್ಲ. ನನ್ನ ಗೆಳೆಯರೊಬ್ಬರು ಎರಡು ಬೆರಳು ಕಳೆದುಕೊಂಡದ್ದು ಹೀಗೇ. ಡಾಕ್ಟರು ಪಾದಕ್ಕೆ ಒಂದು ನೈಲಾನ್ ಎಳೆ ತಾಗಿಸಿ ಸ್ಪರ್ಶ ಇದೆಯಾ ಅಂತ ನೋಡುತ್ತಾರೆ, ಅದನ್ನು ಮಾಡಿಸಿ. ಮೆತ್ತನೆಯ ಬೂಟು, ಹತ್ತಿಯ ಕಾಲುಚೀಲ ಹಾಕಿ. ರಾತ್ರಿ ತಂಗಿದಾಗ ಪಾದದ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳಿ. ಬೂಟು ಹಾಕಿದರೆ ಮಲ್ಲಯ್ಯ ಮುನಿಯುವುದಿಲ್ಲ.

ಮಲ್ಲಯ್ಯನ ಕಂಬಿ

ಅವ್ವ ಒಪ್ಪಬೇಕಲ್ಲ ಮಾಸ್ತರ್. ನಿಮ್ಮ ಬರಹವನ್ನೇ ಓದಿ ಹೇಳುತ್ತೇನೆ.

ನವನಗರದವ, ಹತ್ತು ದಿನದ ಮೇಲೆ

ಬಂದೆ. ಸ್ಟ್ರಿಪ್ 14 ಅಂದಿದ್ದಿರಿ, 18 ಹೋದವು.

ಮಧ್ಯಾಹ್ನ ನಾಲ್ಕು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ: ಮುಂಚೆ 124, ಆಮೇಲೆ 231. ಇದು ನಿರೀಕ್ಷೆ ಇತ್ತು. ಮೂರನೆಯ ದಿನ ಎರಡು ರೊಟ್ಟಿ, ಮಡಕೆಕಾಳು ಪಲ್ಯ, ಮೆಂತ್ಯೆ: 119, ಆಮೇಲೆ 167. ರಾತ್ರಿ ಅದೇ ಎರಡು ರೊಟ್ಟಿ ಉಂಡು ಸೆಕ್ಟರ್ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಡೆದ ದಿನ: 128, ಆಮೇಲೆ 149. ಏಕಾದಶಿಗೆ ಸಾಬುದಾಣಿ ಖಿಚಡಿ: 116, ಆಮೇಲೆ 244. ಉಪವಾಸ ಅಂದರೆ ಹೊಟ್ಟೆಗೆ ಆರಾಮ ಅಂದುಕೊಂಡಿದ್ದೆ!

ನಿಜವಾದ ಕಳ್ಳ ಸಂಜೆ ಸಿಕ್ಕಿಬಿದ್ದ. ಆಫೀಸು ಬಿಡುವ ಮುಂಚೆ ಐದು ಗಂಟೆಗೆ ಒಂದು ದೊಡ್ಡ ಪ್ಲೇಟ್ ಚುರುಮುರಿ, ಎರಡು ಮಿರ್ಚಿ ಭಜಿ, ಒಂದು ಚಹಾ. ವರ್ಷಗಳ ರೂಢಿ. 138 ಇದ್ದದ್ದು ಏಳಕ್ಕೆ 262. ಅದರ ಮೇಲೆ ಎಂಟಕ್ಕೆ ರಾತ್ರಿ ಊಟ. ಚುರುಮುರಿ ಗಾಳಿಯ ಹಾಗೆ ಹಗುರ ಅಲ್ವಾ ಅಂತ ನಾನು ಅದನ್ನು ಊಟದ ಲೆಕ್ಕಕ್ಕೇ ಹಿಡಿದಿರಲಿಲ್ಲ.

ರೊಟ್ಟಿಬುಟ್ಟಿ

ಚುರುಮುರಿ ಅಂದರೆ ಅಕ್ಕಿಯೇ ಅಲ್ವಾ ಅಣ್ಣಾ. ಅನ್ನ ಬಿಟ್ಟೆ ಅಂದಿರಿ, ಉಬ್ಬಿದ ಅನ್ನ ತಿಂದಿರಿ. ಇರಲಿ, ದಿನಕ್ಕೆ ಚಹಾ ಎಷ್ಟು? ಸಕ್ಕರೆ ಹಾಕಿದ್ದಾ?

ನವನಗರದವ

ಆರು. ಸಕ್ಕರೆ ಹಾಕಿದ್ದೇ.

ರೊಟ್ಟಿಬುಟ್ಟಿ

ಸಿಹಿ ಪೂರ್ತಿ ಬಿಟ್ಟಿದ್ದೇನೆ ಅಂದಿದ್ದಿರಿ!

ನವನಗರದವ

ಚಹಾ ಯಾವಾಗ ಸಿಹಿ ಆಯಿತು ಅಕ್ಕಾ. ಚಹಾ ಅಂದರೆ ಚಹಾ.

(ಲೆಕ್ಕ ಹಾಕಿದೆ. ಕಪ್ಪಿಗೆ ಎರಡು ಚಮಚ, ಚಮಚಕ್ಕೆ ಸುಮಾರು 4 ಗ್ರಾಂ. ದಿನಕ್ಕೆ 48 ಗ್ರಾಂ. ತಿಂಗಳಿಗೆ ಒಂದೂವರೆ ಕಿಲೋ ಹತ್ತಿರ. ಹೋಳಿಗೆ ಬಿಟ್ಟು ಏನು ಸಾಧಿಸಿದೆನೋ.)

ಟೆನ್ಷನ್ ಬ್ಯಾಡ್ರಿ

ಖರೆ ಹೇಳುತ್ತೇನೆ, ಇದನ್ನು ಓದಿ ನಾನೂ ನನ್ನ ಚಹಾ ಎಣಿಸಿದೆ. ಎಷ್ಟು ಅಂತ ಹೇಳುವುದಿಲ್ಲ.

ಲ್ಯಾಬ್ ಅಕ್ಕ

ಬಹಳ ಚೆನ್ನಾಗಿ ಬರೆದಿಟ್ಟಿದ್ದೀರಿ. ಈ ಹಾಳೆಯನ್ನು ಡಾಕ್ಟರಿಗೆ ತೋರಿಸಿ, ಮಾತ್ರೆ ನೀವೇ ಹೆಚ್ಚುಕಡಿಮೆ ಮಾಡಬೇಡಿ. ಎಚ್‌ಬಿಎ1ಸಿಯನ್ನು ಮೂರು ತಿಂಗಳಾದ ಮೇಲೆ ಮಾಡಿಸಿ, ಹದಿನೈದು ದಿನಕ್ಕೇ ಓಡಬೇಡಿ, ಹಳೆಯ ಕಣಗಳು ಇನ್ನೂ ಇರುತ್ತವೆ. ವರ್ಷಕ್ಕೊಮ್ಮೆ ಕಣ್ಣಿಗೆ ಡ್ರಾಪ್ಸ್ ಹಾಕಿ ಹಿಂದಿನ ಪರದೆ ನೋಡಿಸಿ. ಕಿಡ್ನಿಗಾಗಿ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ. ಮೆಟ್‌ಫಾರ್ಮಿನ್ ನಾಲ್ಕು ವರ್ಷ ಆಯಿತಲ್ಲ, ಬಿ12 ವಿಟಮಿನ್ ಟೆಸ್ಟ್ ಕೂಡ ಒಮ್ಮೆ ಕೇಳಿ ನೋಡಿ. ಬಹಳ ವರ್ಷ ತೆಗೆದುಕೊಂಡರೆ ಕೆಲವರಲ್ಲಿ ಅದು ಇಳಿಯುತ್ತದೆ.

ನವನಗರದವ

ಆಗಲಿ ಅಕ್ಕಾ. ಚುರುಮುರಿ ಬದಲು ಮನೆಯಿಂದ ಹೆಸರುಕಾಳು ಉಸುಳಿ ಡಬ್ಬಿ ಒಯ್ಯುತ್ತಿದ್ದೇನೆ. ನಿನ್ನೆ 133, ಆಮೇಲೆ 158. ಸೊಸಾಯಿಟಿಯಲ್ಲಿ ನಗುತ್ತಾರೆ, ನಗಲಿ.

ಇನ್ನೊಂದು ಆಯಿತು. ಉಳಿದ ಸ್ಟ್ರಿಪ್ಪಿನಲ್ಲಿ ನಮ್ಮ ಮನೆಯಾಕೆ ಇವತ್ತು ಬೆಳಿಗ್ಗೆ ಸುಮ್ನೆ ತಮಾಷೆಗೆ ನೋಡಿಕೊಂಡಳು. ವಯಸ್ಸು 47, ಯಾವ ತೊಂದರೆಯೂ ಇಲ್ಲ. ಖಾಲಿ ಹೊಟ್ಟೆ 151 ಬಂತು. ಕೈ ತೊಳೆಸಿ ಮತ್ತೆ ನೋಡಿದೆ, 146.

ಲ್ಯಾಬ್ ಅಕ್ಕ

ಮೊದಲು ಇದು ಹೇಳಿ, ಸೂಜಿ ಹೊಸದು ಹಾಕಿದಿರಾ? ಒಬ್ಬರು ಚುಚ್ಚಿಕೊಂಡ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ. ಸೂಜಿ ಹೊಸದಾದರೂ ಚುಚ್ಚುವ ಪೆನ್ ಕೂಡ ಒಬ್ಬೊಬ್ಬರಿಗೆ ಒಂದೊಂದು ಇರಬೇಕು.

ಮನೆಯ ಮಷಿನ್ ನೋಡಿ ಶುಗರ್ ಇದೆ ಅಂತ ತೀರ್ಮಾನಿಸುವ ಹಾಗಿಲ್ಲ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಗೆ 126 ಅಥವಾ ಜಾಸ್ತಿ, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಜಾಸ್ತಿ ಬಂದರೆ, ಅದೂ ಇನ್ನೊಮ್ಮೆ ಖಾತ್ರಿ ಮಾಡಿಕೊಂಡು ಹೇಳುತ್ತಾರೆ. ಅಕ್ಕನವರ ಹಿಮೋಗ್ಲೋಬಿನ್ ಕೂಡ ಮಾಡಿಸಿ. 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಅಂಟುರೋಗವಲ್ಲದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಶುಗರ್, ಬಿಪಿ ಪುಕ್ಕಟೆ ನೋಡುತ್ತಾರೆ. ರಾತ್ರಿ ಊಟ ಆಗಿ ಕನಿಷ್ಠ ಎಂಟು ಗಂಟೆ ಖಾಲಿ ಇರಬೇಕು. ನೀರು ಕುಡಿಯಬಹುದು.

ನವನಗರದವ

ಸೂಜಿ ಹೊಸದೇ. ಪೆನ್ ನನ್ನದೇ ಆಗಿತ್ತು, ಇನ್ನು ಬೇರೆ ತರುತ್ತೇನೆ. ನಾಳೆ ಬೆಳಿಗ್ಗೆ ಇಬ್ಬರೂ ಹೋಗುತ್ತೇವೆ. ಆಕೆ ಒಂದೇ ಮಾತು ಕೇಳುತ್ತಿದ್ದಾಳೆ. ಹೋಗುವ ಮುಂಚೆ ಚಹಾ ನಡೆಯುತ್ತಾ ಅಂತ.

ರೊಟ್ಟಿಬುಟ್ಟಿ

ಇಲ್ಲ ಅನ್ನಿ. ನಾನು ಹೇಳಿದೆ ಅನ್ನಿ.